ಸೋಡಚೀಟಿ ಯಾವ ಕೌಂಟಿಯದು?

ಅಮೆರಿಕದಲ್ಲಿ ಡೈವೋರ್ಸ್ ಆದವರ ಕಾಗದ ವಾಷಿಂಗ್ಟನ್ನಿನಲ್ಲಿ ಇರೋದಿಲ್ಲ. ಮದುವೆಯಾದ ಊರಿನಲ್ಲೂ ಇರಬೇಕೆಂದಿಲ್ಲ, ಈಗ ವಾಸವಿರುವ ಊರಿನಲ್ಲೂ ಇರಬೇಕೆಂದಿಲ್ಲ. ಯಾವ ಕೌಂಟಿಯ ಕೋರ್ಟು ಡಿಕ್ರಿ ಕೊಟ್ಟಿತೋ ಆ ಕೌಂಟಿಯ ಕೋರ್ಟ್ ಕ್ಲರ್ಕ್ ಹತ್ತಿರ ಇರುತ್ತೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ. ಅಂಥವು ಆ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಇವೆ.

ನನಗೆ ಇದು ಗೊತ್ತಾದದ್ದು ಸಹೋದ್ಯೋಗಿಯೊಬ್ಬರ ದೆಸೆಯಿಂದ. ಆರು ವರ್ಷ ಅಲ್ಲಿದ್ದು, ಅಲ್ಲೇ ವಿಚ್ಛೇದನವಾಗಿ, ಬೆಂಗಳೂರಿಗೆ ವಾಪಸ್ ಬಂದವರು. ಇಲ್ಲಿ ಎರಡನೇ ಮದುವೆ ನೋಂದಣಿಗೆ ಹೋದಾಗ ಹಳೆಯ ಡಿಕ್ರಿಯ ಪ್ರತಿ ಕೇಳಿದರು. ಅವರ ಹತ್ತಿರ ಇದ್ದದ್ದು ವಕೀಲರು ಎಂದೋ ಕಳಿಸಿದ ಇಮೇಲ್ ಒಂದೇ. ಊರಿನ ಹೆಸರು ಗೊತ್ತು, ಅಪಾರ್ಟ್‌ಮೆಂಟಿನ ನಂಬರೂ ಗೊತ್ತು, ಕೌಂಟಿಯ ಹೆಸರು ಮಾತ್ರ ನೆನಪಿಲ್ಲ! ಆ ಕಾಗದ ಹುಡುಕಲು ಜೊತೆಗೆ ಕೂತವನು ನಾನು. ಕಾಗದ ಎರಡು ವಾರದಲ್ಲಿ ಸಿಕ್ಕಿತು. ಅದರ ಹಿಂದಿನ ಇತಿಹಾಸದ ಹುಚ್ಚು ಮಾತ್ರ ಇನ್ನೂ ಬಿಟ್ಟಿಲ್ಲ.

ಮೊದಲು, ಹುಡುಕೋದು ಹೇಗೆ ಅಂತ ನೋಡೋಣ. ಹಳೆಯ ಕೋರ್ಟ್‌ಹೌಸುಗಳಲ್ಲಿ ದಪ್ಪ ದಪ್ಪ ಸೂಚಿ ಪುಸ್ತಕಗಳಿರುತ್ತವೆ. ಒಂದು ವಾದಿಗಳ ಸೂಚಿ, ಅಂದರೆ ಕೇಸು ಹಾಕಿದವರ ಹೆಸರಿನದು. ಇನ್ನೊಂದು ಪ್ರತಿವಾದಿಗಳ ಸೂಚಿ, ಅಂದರೆ ಯಾರ ಮೇಲೆ ಕೇಸು ಬಿತ್ತೋ ಅವರ ಹೆಸರಿನದು. ಯಾವುದರಲ್ಲಾದರೂ ಹೆಸರು ಸಿಕ್ಕರೆ ಪಕ್ಕದಲ್ಲೇ ಕೇಸ್ ನಂಬರ್. ಆ ನಂಬರ್ ಹಿಡಿದು ಹೋದರೆ ಯಾವ ದಿನ ಏನಾಯಿತು ಅಂತ ದಿನಚರಿಯಂತೆ ಬರೆದ ಡಾಕೆಟ್ ಸಿಗುತ್ತೆ. ಕೊನೆಗೆ ಫೈಲು: ಅರ್ಜಿ, ಸಮನ್ಸ್, ಸಾಕ್ಷಿ ಹೇಳಿಕೆ, ಡಿಕ್ರಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದೇ ಟೇಬಲ್‌ಗೆ ಎರಡು ಇಂಡೆಕ್ಸ್, ಕೇಸ್ ನಂಬರೇ ಪ್ರೈಮರಿ ಕೀ. ಇವತ್ತು ಬಹಳ ಕೌಂಟಿಗಳಲ್ಲಿ ಇದು ಕಂಪ್ಯೂಟರಿಗೆ ಬಂದಿದೆ, ಆದರೆ ಲಾಜಿಕ್ ಅದೇ. ಹೆಣ್ಣುಮಕ್ಕಳನ್ನು ಹುಡುಕುವಾಗ ಒಂದು ಎಚ್ಚರ ಬೇಕು. ತವರಿನ ಹೆಸರಿನಲ್ಲಿ ಹುಡುಕಿದರೆ ಹೆಚ್ಚಾಗಿ ಸಿಗೋದಿಲ್ಲ. ಕೇಸು ನಡೆದದ್ದು ಗಂಡನ ಸರ್‌ನೇಮ್‌ನಲ್ಲಿ.

ತೊಡಕುಗಳೂ ಇವೆ. ಕೋರ್ಟಿನ ಹೆಸರೇ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸುಪೀರಿಯರ್ ಕೋರ್ಟ್, ಮಿಸೌರಿಯಲ್ಲಿ ಸರ್ಕ್ಯೂಟ್ ಕೋರ್ಟ್, ಓಹಾಯೊದಲ್ಲಿ ಕಾಮನ್ ಪ್ಲೀಸ್ ಕೋರ್ಟ್. ನ್ಯೂಯಾರ್ಕಿನಲ್ಲಂತೂ ವಿಚ್ಛೇದನ ಕೊಡೋದು ಸುಪ್ರೀಂ ಕೋರ್ಟ್. ಅಲ್ಲಿ ಆ ಹೆಸರು ಕೆಳಹಂತದ ವಿಚಾರಣಾ ಕೋರ್ಟಿಗೆ! ಫೈಲು ಮಾತ್ರ ಕೌಂಟಿ ಕ್ಲರ್ಕ್ ಹತ್ತಿರ, ಅದೂ 100 ವರ್ಷ ಬೀಗಮುದ್ರೆಯಲ್ಲಿ. ಗಂಡ, ಹೆಂಡತಿ, ಅವರ ವಕೀಲರನ್ನು ಬಿಟ್ಟು ಬೇರೆಯವರು ಕೋರ್ಟಿನ ಆದೇಶವಿಲ್ಲದೆ ನೋಡುವಂತಿಲ್ಲ. ಇನ್ನು ಕೆಲವು ರಾಜ್ಯಗಳ ಆರೋಗ್ಯ ಇಲಾಖೆ 'ಡೈವೋರ್ಸ್ ಸರ್ಟಿಫಿಕೇಟ್' ಕೊಡುತ್ತೆ. ಅದರಲ್ಲಿರೋದು ಹೆಸರು, ದಿನಾಂಕ, ಕೌಂಟಿ ಇಷ್ಟೇ. ಮಗು ಯಾರ ಹತ್ತಿರ, ಮನೆ ಯಾರಿಗೆ, ಜೀವನಾಂಶ ಎಷ್ಟು ಎಂಬುದೆಲ್ಲ ಇರೋದು ಕೌಂಟಿಯ ಡಿಕ್ರಿಯಲ್ಲಿ.

ಎಲ್ಲಾ ಬಿಟ್ಟು ಈ ಕಾಗದ ಕೌಂಟಿಗೆ ಯಾಕೆ ಬಂತು? ಇಂಗ್ಲೆಂಡಿನಲ್ಲಿ 1857ರ ಕಾಯ್ದೆ ಬರುವ ತನಕ ಮತ್ತೆ ಮದುವೆಯಾಗಲು ಬಿಡುವಂಥ ಪೂರ್ಣ ವಿಚ್ಛೇದನ ಬೇಕಿದ್ದರೆ ಪಾರ್ಲಿಮೆಂಟಿನಲ್ಲಿ ನಿಮ್ಮ ಹೆಸರಿನದೇ ಒಂದು ಕಾಯ್ದೆ ಪಾಸಾಗಬೇಕಿತ್ತು. ಅಂಥವು ಒಟ್ಟು ಸುಮಾರು ಮುನ್ನೂರು, ಅದರಲ್ಲಿ ಹೆಂಗಸರಿಗೆ ಸಿಕ್ಕಿದ್ದು ಬರೀ ನಾಲ್ಕು. ಅಮೆರಿಕದ ಹಲವು ರಾಜ್ಯಗಳೂ ಮೊದಮೊದಲು ಇದೇ ದಾರಿ ಹಿಡಿದವು. ಶಾಸನಸಭೆಯಲ್ಲಿ ಇಂಥವರಿಗೆ ವಿಚ್ಛೇದನ ಅಂತ ಮಸೂದೆ. 19ನೇ ಶತಮಾನದಲ್ಲಿ ಆ ಪದ್ಧತಿ ಒಂದೊಂದೇ ರಾಜ್ಯದಲ್ಲಿ ನಿಂತು, ಅಧಿಕಾರ ಕೌಂಟಿ ಕೋರ್ಟುಗಳಿಗೆ ಬಂತು. ಶಾಸಕರ ಪರಿಚಯವಿಲ್ಲದ ರೈತನ ಹೆಂಡತಿ ಕೂಡ ಕುದುರೆಗಾಡಿಯಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಅರ್ಜಿ ಹಾಕುವಂತಾಯಿತು. ಇದು ಸಣ್ಣ ಬದಲಾವಣೆ ಅಲ್ಲ.

ಆದರೆ ಹತ್ತಿರ ಬಂದ ಕೋರ್ಟು ಮೋಸಕ್ಕೂ ಹತ್ತಿರವಾಯಿತು. ಪ್ರತಿವಾದಿ ಎಲ್ಲಿದ್ದಾರೋ ಗೊತ್ತಿಲ್ಲ ಅಂದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರೆ ಸಾಕು ಎಂಬ ನಿಯಮವಿತ್ತು. ದೂರದ ರಾಜ್ಯಕ್ಕೆ ಹೋದ ಗಂಡ ಅಲ್ಲಿನ ಸಣ್ಣ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಹಾಕಿಸಿ ಡಿಕ್ರಿ ಪಡೆಯಬಹುದಿತ್ತು. ಊರಲ್ಲಿ ಕಾಯುತ್ತ ಕೂತ ಹೆಂಡತಿಗೆ ತಾನು ವಿಚ್ಛೇದಿತೆ ಅಂತಲೇ ಗೊತ್ತಿಲ್ಲ. ಅಂಥವಳಿಗೆ ಉಳಿದ ಒಂದೇ ಆಧಾರ ಆ ಎರಡನೇ ಪುಸ್ತಕ, ಪ್ರತಿವಾದಿಗಳ ಸೂಚಿ. ಕೇಸು ಹಾಕಿದವನು ಬಾಯಿ ಬಿಡದಿದ್ದರೂ ಅವಳ ಹೆಸರು ಅಲ್ಲಿ ಕೂತಿರುತ್ತೆ.

ಅಂತರ್ಯುದ್ಧದ ನಂತರ ಈ ಕಾಗದಕ್ಕೆ ಹೊಟ್ಟೆಪಾಡಿನ ಬೆಲೆ ಬಂತು. 1862ರ ಕಾಯ್ದೆ ಸತ್ತ ಸೈನಿಕರ ವಿಧವೆಯರಿಗೆ ಪೆನ್ಷನ್ ಕೊಟ್ಟಿತು. ಅರ್ಜಿ ಬಂದಾಗ ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆ: ನಿನಗಾಗಲಿ ಅವನಿಗಾಗಲಿ ಮೊದಲು ಮದುವೆ ಆಗಿತ್ತಾ? ಆಗಿದ್ದರೆ ಅದು ಮುರಿದದ್ದಕ್ಕೆ ದಾಖಲೆ ಎಲ್ಲಿ? ಬಡವರಲ್ಲಿ ಬಹಳ ಜನ ಕೋರ್ಟಿಗೆ ಹೋಗದೆ ಸುಮ್ಮನೆ ಬೇರೆಯಾದವರು, ಇನ್ನೊಬ್ಬರ ಜೊತೆ ಬಾಳಿದವರು. ಇಪ್ಪತ್ತು ವರ್ಷ ಅಡುಗೆ ಮಾಡಿಹಾಕಿ, ಕಾಯಿಲೆಯಲ್ಲಿ ನೋಡಿಕೊಂಡವಳೂ ಕಾಗದ ತೋರಿಸದಿದ್ದರೆ ಕಾನೂನಿನ ಕಣ್ಣಲ್ಲಿ ವಿಧವೆ ಅಲ್ಲ.

ಇಷ್ಟೆಲ್ಲ ಆದರೂ ದೇಶದಲ್ಲಿ ಒಟ್ಟು ಎಷ್ಟು ವಿಚ್ಛೇದನ ಆಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಸ್ಯಾಮ್ಯುಯೆಲ್ ಡೈಕ್ ಎಂಬ ಪಾದ್ರಿ ಮತ್ತು ಅವರ ವಿಚ್ಛೇದನ ಸುಧಾರಣಾ ಸಂಘದವರು ಕುಟುಂಬ ಕುಸಿಯುತ್ತಿದೆ, ಲೆಕ್ಕ ತೆಗೆಯಿರಿ ಅಂತ ಸಂಸತ್ತಿನ ಬೆನ್ನು ಬಿದ್ದರು. 1887ರಲ್ಲಿ ಆ ಕೆಲಸ ಕಾರ್ಮಿಕ ಇಲಾಖೆಯ ಕಮಿಷನರ್ ಕ್ಯಾರೊಲ್ ರೈಟ್ ಹೆಗಲಿಗೆ ಬಿತ್ತು. ಕೇಂದ್ರದಲ್ಲಿ ದಾಖಲೆ ಇಲ್ಲದ ಮೇಲೆ ಉಳಿದ ದಾರಿ ಒಂದೇ: ಕೋರ್ಟ್‌ಹೌಸಿಂದ ಕೋರ್ಟ್‌ಹೌಸಿಗೆ ಹೋಗಿ ಕಾಗದ ಎಣಿಸೋದು. 1867ರಿಂದ 1886ರ ತನಕದ ಇಪ್ಪತ್ತು ವರ್ಷದ ದಾಖಲೆಗಳನ್ನು ಹಾಗೇ ಎಣಿಸಿದರು. 1889ರ ವರದಿ ಕೊಟ್ಟ ಮೊತ್ತ 3,28,716. ಮುಂದೆ ಜನಗಣತಿ ಇಲಾಖೆ ಇದೇ ರೀತಿ ಎಣಿಸಿದಾಗ 1887ರಿಂದ 1906ರ ಲೆಕ್ಕ 9,45,625.

ಎಣಿಕೆ ಹಲವು ನಂಬಿಕೆಗಳನ್ನು ಕೆಡವಿತು. ಜನ ಸಡಿಲ ಕಾನೂನಿನ ರಾಜ್ಯಕ್ಕೆ ಓಡಿಹೋಗಿ ವಿಚ್ಛೇದನ ತರುತ್ತಾರೆ ಅನ್ನೋದು ಆಗಿನ ದೊಡ್ಡ ದೂರು. ಫೈಲುಗಳು ಹೇಳಿದ್ದೇ ಬೇರೆ: ಮದುವೆ ಎಲ್ಲಾಯಿತು ಅಂತ ಗೊತ್ತಿದ್ದ ಕೇಸುಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಜೋಡಿ ಮದುವೆಯಾದ ರಾಜ್ಯದಲ್ಲೇ ಬೇರೆಯಾಗಿದ್ದರು. ಡಿಕ್ರಿ ಪಡೆದವರಲ್ಲಿ ಸುಮಾರು ಮೂರನೇ ಎರಡು ಭಾಗ ಹೆಂಗಸರು. ಅತಿ ಹೆಚ್ಚು ಬಂದ ಕಾರಣ ತೊರೆದು ಹೋದದ್ದು. ಅಂದರೆ ಮನೆ ಮುರಿದದ್ದು ಕೋರ್ಟಲ್ಲ. ಎಂದೋ ಮುರಿದ ಮನೆಗೆ ಕೋರ್ಟು ರಸೀದಿ ಕೊಟ್ಟಿತ್ತು, ಅಷ್ಟೇ.

ಓಡಿಹೋಗಿ ವಿಚ್ಛೇದನ ತರೋದು ನಿಜಕ್ಕೂ ವ್ಯಾಪಾರವಾದದ್ದು ಆಮೇಲೆ, ನೆವಾಡಾದಲ್ಲಿ. ಅಲ್ಲಿ ಕೇಸು ಹಾಕಲು ಆರು ತಿಂಗಳು ವಾಸವಿದ್ದರೆ ಸಾಕಿತ್ತು. 1927ರಲ್ಲಿ ಮೂರು ತಿಂಗಳಾಯಿತು, 1931ರಲ್ಲಿ ಆರೇ ವಾರ. ರೀನೊ ಊರಿನ ವಾಶೊ ಕೌಂಟಿ ಕೋರ್ಟ್‌ಹೌಸಿಗೆ ಜನ ರೈಲಿನಲ್ಲಿ ಬಂದಿಳಿದರು. ಬೋರ್ಡಿಂಗ್ ಮನೆಗಳು, ಅತಿಥಿಗಳನ್ನಿಟ್ಟುಕೊಳ್ಳುವ ರ‍್ಯಾಂಚುಗಳು ತುಂಬಿದವು. ಆರು ವಾರ ಕಳೆದ ಮೇಲೆ ಮನೆ ಮಾಲಕಿ ಕೋರ್ಟಿಗೆ ಬಂದು, ಈಕೆಯನ್ನು ದಿನಾ ಇಲ್ಲೇ ನೋಡಿದ್ದೇನೆ ಅಂತ ಸಾಕ್ಷಿ ಹೇಳಿದರೆ ಡಿಕ್ರಿ ಕೈಗೆ. ಪಕ್ಕದ ಟ್ರಕೀ ನದಿಗೆ ಮದುವೆ ಉಂಗುರ ಎಸೆಯುತ್ತಿದ್ದರು ಎಂಬ ಕಥೆ ಇವತ್ತಿಗೂ ಅಲ್ಲಿ ಚಾಲ್ತಿಯಲ್ಲಿದೆ.

ರೀನೊದ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಕಾರಣ 'ಕ್ರೌರ್ಯ'. ಹಾಗಂತ ಅಷ್ಟೂ ಗಂಡಂದಿರು ಹೊಡೆಯುತ್ತಿದ್ದರು ಅಂತ ತಿಳಿಯಬೇಡಿ, ಯಾರೂ ಹೊಡೆಯುತ್ತಿರಲಿಲ್ಲ ಅಂತಲೂ ಅಲ್ಲ. ಕಾನೂನು ಒಪ್ಪುವ ಪಟ್ಟಿಯಲ್ಲಿ ಅದೇ ಸುಲಭದ ಪದ. ಟಿಕೆಟ್ ಕ್ಲೋಸ್ ಮಾಡುವಾಗ ಡ್ರಾಪ್‌ಡೌನಿನಲ್ಲಿ ನಿಜವಾದ ಕಾರಣ ಇಲ್ಲದಿದ್ದರೆ ನಾವು ಹತ್ತಿರದ್ದೊಂದನ್ನು ಆರಿಸೋದಿಲ್ಲವೇ, ಹಾಗೆ. ನ್ಯೂಯಾರ್ಕಿನಲ್ಲಿ 1966ರಲ್ಲಿ ಕಾನೂನು ಬದಲಾಗುವ ತನಕ ವಿಚ್ಛೇದನಕ್ಕೆ ವ್ಯಭಿಚಾರ ಒಂದೇ ಕಾರಣ. ಹಾಗಾಗಿ ಕೆಲವರು ಹೋಟೆಲ್ ಕೋಣೆಯಲ್ಲಿ ಅಪರಿಚಿತ ಹೆಂಗಸಿನ ಜೊತೆ 'ಸಿಕ್ಕಿಬೀಳುವ' ನಾಟಕವಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. 1970ರ ಜನವರಿಯಿಂದ ಕ್ಯಾಲಿಫೋರ್ನಿಯಾ ತಪ್ಪು ಯಾರದೆಂದು ಕೇಳುವುದನ್ನೇ ಬಿಟ್ಟಿತು. ಸುಳ್ಳು ಕಡಿಮೆಯಾಯಿತು, ಜೊತೆಗೆ ಫೈಲಿನಲ್ಲಿ ಕಥೆಯೂ ಕಡಿಮೆಯಾಯಿತು. ಹಳೆಯ ಫೈಲು ಓದುವವರು ಇಷ್ಟು ನೆನಪಿಡಬೇಕು: ಹೆಸರು, ದಿನಾಂಕ, ಆಸ್ತಿ ನಂಬಬಹುದು, ಕಾರಣದ ಕಾಲಮ್ಮನ್ನು ಅನುಮಾನದಿಂದ ಓದಬೇಕು.

ಕಾಗದ ಸಿಕ್ಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಒಂದು ಕೌಂಟಿಯ ಡಿಕ್ರಿಯನ್ನು ಇನ್ನೊಂದು ಊರು ಒಪ್ಪಲೇಬೇಕಾ? 1940ರಲ್ಲಿ ನಾರ್ತ್ ಕೆರೊಲಿನಾದ ಅಂಗಡಿಕಾರನೊಬ್ಬ ಮತ್ತು ಅವನ ಗುಮಾಸ್ತನ ಹೆಂಡತಿ ಲಾಸ್ ವೇಗಸ್ಸಿಗೆ ಹೋದರು. ಆರು ವಾರ ಇದ್ದು, ಇಬ್ಬರೂ ತಮ್ಮ ತಮ್ಮ ವಿಚ್ಛೇದನ ಪಡೆದು, ಪರಸ್ಪರ ಮದುವೆಯಾಗಿ ಊರಿಗೆ ಮರಳಿದರು. ಊರಲ್ಲಿ ಅವರ ಮೇಲೆ ದ್ವಿಪತ್ನಿತ್ವದ ಕ್ರಿಮಿನಲ್ ಕೇಸು ಬಿತ್ತು. 1942ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನೆವಾಡಾದ ಡಿಕ್ರಿಯನ್ನು ಗೌರವಿಸಬೇಕು ಅಂದಿತು. ಕೇಸು ಸುತ್ತಿ ಮತ್ತೆ ಬಂದಾಗ, 1945ರಲ್ಲಿ, ಅವರು ನಿಜವಾಗಿ ನೆವಾಡಾ ನಿವಾಸಿಗಳಾಗಿದ್ದರಾ ಅಂತ ನಾರ್ತ್ ಕೆರೊಲಿನಾ ಪರೀಕ್ಷಿಸಬಹುದು ಅಂತ ಹೇಳಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಲಾರ್ಕ್ ಕೌಂಟಿಯ ಕಾಗದ ಬದಲಾಗಲಿಲ್ಲ. ಅದನ್ನು ನಂಬುವವರು ಬದಲಾದರು.

ಇದೇ ನಾಟಕ ಸಮುದ್ರ ದಾಟಿ ನಮ್ಮ ಸುಪ್ರೀಂ ಕೋರ್ಟಿಗೂ ಬಂತು. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ದಂಪತಿ. ಗಂಡ ಅಮೆರಿಕಕ್ಕೆ ಹೋಗಿ ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯಲ್ಲಿ 90 ದಿನದ ವಾಸ ತೋರಿಸಿ 1980ರಲ್ಲಿ ವಿಚ್ಛೇದನ ಪಡೆದ, ಮರುವರ್ಷ ಇಲ್ಲಿ ಬಂದು ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದೂರು ಕೊಟ್ಟರು. ಮ್ಯಾಜಿಸ್ಟ್ರೇಟರು ಡಿಕ್ರಿಯ ಫೋಟೋಸ್ಟ್ಯಾಟ್ ಪ್ರತಿ ನೋಡಿ ಆರೋಪಿಗಳನ್ನು ಬಿಟ್ಟರು. 1991ರಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಒಂದು, ಸಾಕ್ಷ್ಯ ಕಾಯ್ದೆ ಕೇಳುವ ಪ್ರಮಾಣೀಕರಣವಿಲ್ಲದ ಆ ಪ್ರತಿ ಸಾಕ್ಷಿಯಾಗೋದಿಲ್ಲ. ಎರಡು, ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಹೆಂಡತಿ ಒಪ್ಪಿ ಹಾಜರಾಗದ ವಿದೇಶಿ ಕೋರ್ಟು ಕೊಟ್ಟ ವಿಚ್ಛೇದನ ಇಲ್ಲಿ ನಡೆಯೋದಿಲ್ಲ. ಇಬ್ಬರೂ ಒಪ್ಪಿದ್ದರೆ, ಅಥವಾ ಕೇಸು ಎದುರಿಸುವವರೂ ಆ ದೇಶದಲ್ಲೇ ನೆಲೆಸಿದ್ದು ಕಾರಣ ನಮ್ಮ ಕಾಯ್ದೆಗೂ ಹೊಂದಿದರೆ ಮಾತು ಬೇರೆ. ಎಚ್1ಬಿ ವೀಸಾದ ಕಾಲದಲ್ಲಿ ಎಷ್ಟೋ ಮನೆಗಳ ಹಣೆಬರಹ ನಿಂತಿರೋದು ಈ ತೀರ್ಪಿನ ಮೇಲೆ.

ನಮ್ಮ ಸಹೋದ್ಯೋಗಿಯದು ಇಬ್ಬರೂ ಅಲ್ಲೇ ಇದ್ದು ಒಪ್ಪಿ ಮುಗಿಸಿದ ಕೇಸು. ಕ್ಲರ್ಕ್ ಕಚೇರಿಗೆ ಫೀಸು ಕಟ್ಟಿ ಮೊಹರು ಹಾಕಿದ ಸರ್ಟಿಫೈಡ್ ಕಾಪಿ ತರಿಸಿದೆವು. ಆಮೇಲೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಅಪಾಸ್ಟಿಲ್. 2005ರಲ್ಲಿ ಭಾರತ ಆ ಅಂತರರಾಷ್ಟ್ರೀಯ ಒಪ್ಪಂದ ಸೇರಿದ ಮೇಲೆ ಈ ದಾರಿ ತೆರೆದಿದೆ.

ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹಿರಿಯರ ಮುಂದೆ ಬರೆಸಿ, ಹೆಬ್ಬೆಟ್ಟು ಒತ್ತಿಸುತ್ತಿದ್ದ ವಿಚ್ಛೇದನದ ಕಾಗದಕ್ಕೆ ಸೋಡಚೀಟಿ ಅಂತಾರೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ರೂಢಿಯ ವಿಚ್ಛೇದನಕ್ಕೆ ಜಾಗ ಉಳಿಸಿದೆ. ಆದರೆ ರೂಢಿ ಇತ್ತು ಅಂತ ಹೇಳುವವರೇ ಅದನ್ನು ರುಜುವಾತು ಮಾಡಬೇಕು. ಸೋಡಚೀಟಿ ಕೋರ್ಟಿಗಿಂತ ಬೇಗ, ಅಗ್ಗ. ಆದರೆ ಅದಕ್ಕೆ ಸೂಚಿ ಪುಸ್ತಕವಿಲ್ಲ. ಚೀಟಿ ಇಲಿ ತಿಂದರೆ, ಹಿರಿಯರು ತೀರಿಕೊಂಡರೆ, ಆ ಹೆಣ್ಣುಮಗಳ ಮಾತಿಗೆ ಸಾಕ್ಷಿ ಯಾರೂ ಇಲ್ಲ.

ಕೌಂಟಿಯ ಕಪಾಟೂ ಸುಡುತ್ತೆ ಅನ್ನಿ. 1871ರಲ್ಲಿ ಷಿಕಾಗೊ ಸುಟ್ಟಾಗ, 1906ರ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೊ ಸುಟ್ಟಾಗ ಕೋರ್ಟಿನ ದಾಖಲೆಗಳೂ ಬೂದಿಯಾದವು. ಆದರೂ ಆ ಏರ್ಪಾಡಿನಲ್ಲಿ ನನಗೆ ಇಷ್ಟವಾದದ್ದು ಎರಡನೇ ಪುಸ್ತಕವೇ. ನಾವು ಸಾಫ್ಟ್‌ವೇರಿನವರು ಸಿಸ್ಟಮ್ ಕಟ್ಟುವಾಗ ಅರ್ಜಿ ಹಾಕಿದವರ ಹೆಸರಲ್ಲಿ ಹುಡುಕಲು ಅನುಕೂಲ ಮಾಡಿ ಸುಮ್ಮನಾಗುತ್ತೇವೆ. ಯಾರ ಮೇಲೆ ಅರ್ಜಿ ಬಿತ್ತೋ ಅವರಿಗೂ ತಮ್ಮ ಹೆಸರಿನಿಂದಲೇ ತಮ್ಮ ಕಾಗದ ಸಿಗಬೇಕು ಎಂಬ ಯೋಚನೆ ಆ ಹಳೆಯ ಗುಮಾಸ್ತರಿಗೆ ಇತ್ತು.

ಇಂಥ ಕಾಗದ ನಿಮ್ಮ ಹತ್ತಿರವೋ ಗೆಳತಿಯ ಹತ್ತಿರವೋ ಇದ್ದರೆ ಎರಡು ಕೆಲಸ ಮಾಡಿ. ಕೌಂಟಿಯ ಹೆಸರು ಮತ್ತು ಕೇಸ್ ನಂಬರ್ ಬರೆದಿಡಿ. ಆ ದೇಶ ಬಿಡುವ ಮೊದಲೇ ಎರಡು ಸರ್ಟಿಫೈಡ್ ಕಾಪಿ ತೆಗೆದಿಟ್ಟುಕೊಳ್ಳಿ.