ದೇವರೊಡನೆ ಕರಾರು, ದೇಶದ ಹೆಸರಿನಲ್ಲಿ

1838ರಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಘಟನೆಗಳು ಎರಡು ಖಂಡಗಳಲ್ಲಿ ನಡೆದವು. ಪ್ಯೂರಿಟನ್ ವಲಸಿಗರ ನಾಯಕ ಜಾನ್ ವಿನ್‌ಥ್ರಪ್ ದೇವರೊಡನೆ ತಮಗಿರುವ ಒಡಂಬಡಿಕೆಯ ಬಗ್ಗೆ 1630ರಲ್ಲಿ ಮಾಡಿದ, ಇನ್ನೂರು ವರ್ಷ ಹಸ್ತಪ್ರತಿಯಾಗಿಯೇ ಬಿದ್ದಿದ್ದ ಪ್ರವಚನವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ ಮೊದಲ ಸಲ ಅಚ್ಚು ಹಾಕಿಸಿತು. ಅದೇ ವರ್ಷದ ಡಿಸೆಂಬರ್ 16ರಂದು ದಕ್ಷಿಣ ಆಫ್ರಿಕದ ನ್‌ಕೋಮೆ ನದಿಯ ದಂಡೆಯಲ್ಲಿ ಆಂಡ್ರೀಸ್ ಪ್ರಿಟೋರಿಯಸ್‌ನ ನೇತೃತ್ವದ, ಡಚ್ ಮೂಲದ ಬೋಯರ್ ವಲಸಿಗರ ಪಡೆ ಜುಲು ಸೈನ್ಯವನ್ನು ಸೋಲಿಸಿತು. ಸುಮಾರು ಮೂರು ಸಾವಿರ ಜುಲು ಯೋಧರು ಸತ್ತರು. ಬೋಯರರಲ್ಲಿ ಒಬ್ಬನೂ ಸಾಯಲಿಲ್ಲ. ಗೆದ್ದರೆ ಆ ದಿನವನ್ನು ದೇವರಿಗೆ ಮೀಸಲಿಡುತ್ತೇವೆ, ಚರ್ಚು ಕಟ್ಟಿಸುತ್ತೇವೆ ಎಂದು ಅವರು ಮೊದಲೇ ಹರಕೆ ಹೊತ್ತಿದ್ದರು.

ಪ್ರವಚನ, ಹರಕೆ ಎರಡೂ ಮುಂದೆ ಒಂದು ದೊಡ್ಡ ದಾವೆಗೆ ದಾಖಲೆಗಳಾದವು. ಹಿಂದೆ ಇಸ್ರಾಯೇಲ್ಯರ ಜೊತೆ ಮಾಡಿಕೊಂಡಂತೆ ದೇವರು ನಮ್ಮ ದೇಶದ ಜೊತೆಗೂ ಒಡಂಬಡಿಕೆ ಮಾಡಿಕೊಂಡಿದ್ದಾನೆ ಎಂಬುದೇ ಆ ದಾವೆ. ವಿದ್ವಾಂಸರು ಈ ದಾಖಲೆಗಳನ್ನು ಬಿಚ್ಚಿ ನೋಡತೊಡಗಿದ್ದು ಇಪ್ಪತ್ತನೇ ಶತಮಾನದಲ್ಲಿ.

ಮೂಲ ಒಡಂಬಡಿಕೆಯ ಸ್ವರೂಪ ಎಂಥದ್ದು ಎಂಬ ಚರ್ಚೆಗೆ ತಿರುವು ಕೊಟ್ಟದ್ದು ಜಾರ್ಜ್ ಮೆಂಡೆನ್‌ಹಾಲ್ 1954ರಲ್ಲಿ ಬರೆದ ಲೇಖನ. ಕ್ರಿಸ್ತಪೂರ್ವ 14–13ನೇ ಶತಮಾನದ ಹಿಟ್ಟೈಟ್ ದೊರೆಗಳು ಸಾಮಂತರಿಗೆ ಬರೆಸುತ್ತಿದ್ದ ಒಪ್ಪಂದಗಳ ಅಚ್ಚಿನಲ್ಲೇ ಸೀನಾಯ್ ಒಡಂಬಡಿಕೆಯೂ ಇದೆ ಎಂದು ಅವರು ತೋರಿಸಿದರು: ದೊರೆಯ ಉಪಕಾರದ ನೆನಪು, ಸಾಮಂತನಿಗೆ ಷರತ್ತು, ಸಾಕ್ಷಿಗಳು, ಕೊನೆಗೆ ವರ ಮತ್ತು ಶಾಪ. 1955ರಲ್ಲಿ ನಿಮ್ರೂದ್‌ನಲ್ಲಿ ಅಸ್ಸೀರಿಯದ ಎಸರ್‌ಹದ್ದೋನನ ಒಪ್ಪಂದದ ಹಲಗೆಗಳು ಸಿಕ್ಕ ಮೇಲೆ, ಬೈಬಲಿನ ಧರ್ಮೋಪದೇಶಕಾಂಡಕ್ಕೆ ಹತ್ತಿರದ ಮಾದರಿ ಕ್ರಿಸ್ತಪೂರ್ವ ಏಳನೇ ಶತಮಾನದ ಇವೇ ಎಂದು ಹಲವರು ವಾದಿಸಿದರು. ಕಾಲದ ಬಗ್ಗೆ ಜಗಳವಿದ್ದರೂ ಶಾಪದ ಬಗ್ಗೆ ಇಲ್ಲ. ಆ ಗ್ರಂಥದ 28ನೇ ಅಧ್ಯಾಯದಲ್ಲಿ ವರಕ್ಕೆ 14 ವಚನ, ಶಾಪಕ್ಕೆ 54. ಆಧುನಿಕ ರಾಷ್ಟ್ರಗಳು ಸಾಮಾನ್ಯವಾಗಿ ಮೊದಲ ಹದಿನಾಲ್ಕನ್ನು ಓದಿ ಪುಸ್ತಕ ಮುಚ್ಚಿಬಿಡುತ್ತವೆ.

ಅಮೆರಿಕದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದವರು ಪೆರಿ ಮಿಲ್ಲರ್. ವಿನ್‌ಥ್ರಪ್‌ನ ಪ್ರವಚನದಲ್ಲೇ ಅಮೆರಿಕದ ಮನಸ್ಸಿನ ಮೊದಲ ಮಾತು ಇದೆ ಎಂದು ಅವರು ನಂಬಿದ್ದರು. 1967ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಬೆಲ್ಲಾ, ಚರ್ಚಿನ ಹೊರಗೂ ಅಮೆರಿಕಕ್ಕೆ ಒಂದು ‘ನಾಗರಿಕ ಧರ್ಮ’ವಿದೆ ಎಂದು ಬರೆದರು. ವಿಯೆಟ್ನಾಂ, ವಾಟರ್‌ಗೇಟ್ ಎರಡನ್ನೂ ಕಂಡ ಮೇಲೆ 1975ರಲ್ಲಿ ಅವರೇ ತಂದ ಪುಸ್ತಕದ ವಿಷಯ ಮುರಿದುಹೋದ ಒಡಂಬಡಿಕೆ! ಸಾಕ್ವನ್ ಬರ್ಕೊವಿಚ್ 1978ರಲ್ಲಿ ಇನ್ನೂ ಚುರುಕಾದ ಮಾತು ಹೇಳಿದರು. ‘ನಾವು ದಾರಿ ತಪ್ಪಿದ್ದೇವೆ’ ಎಂದು ಜನರನ್ನು ಗದರಿಸುವ ಪ್ರವಚನವೂ ಕೊನೆಗೆ ‘ಹಾಗಾದರೆ ನಾವು ಆಯ್ದ ಜನರೇ’ ಎಂಬ ಹೆಮ್ಮೆಯನ್ನೇ ಬೆಳೆಸುತ್ತದೆ ಎಂಬುದು ಅವರ ವಾದ. ಶಾಪದ ಭಾಗವನ್ನು ನಿಜವಾಗಿ ಓದಿದ ಅಪರೂಪದ ನಾಯಕ ಲಿಂಕನ್: ಅಂತರ್ಯುದ್ಧವು ಗುಲಾಮಗಿರಿಯ ಪಾಪಕ್ಕೆ ಉತ್ತರ, ದಕ್ಷಿಣ ಎರಡಕ್ಕೂ ಬಂದ ದಂಡನೆಯಿರಬಹುದು ಎಂದು 1865ರಲ್ಲಿ ಅವರು ಹೇಳಿದ್ದರು. 2018ರಲ್ಲಿ ಡೇನಿಯಲ್ ರಾಜರ್ಸ್ ಮಿಲ್ಲರರ ಬುನಾದಿಯನ್ನೇ ಅಲುಗಿಸಿದರು. ವಿನ್‌ಥ್ರಪ್‌ನ ಪ್ರವಚನವನ್ನು ಶತಮಾನಗಳ ಕಾಲ ಯಾರೂ ರಾಷ್ಟ್ರದ ಮೂಲಪಾಠವೆಂದು ಓದಿರಲಿಲ್ಲ. ಆ ಪಟ್ಟ ಸಿಕ್ಕಿದ್ದು ಶೀತಲ ಸಮರದ ದಿನಗಳಲ್ಲಿ.

ದಕ್ಷಿಣ ಆಫ್ರಿಕದ ಕಥೆಯೂ ಇದೇ ಜಾಡಿನದು, ಆದರೆ ಇನ್ನೂ ಕಹಿ. ಹರಕೆ ಹೊತ್ತದ್ದು ನಿಜ, ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಚರ್ಚು ಎದ್ದದ್ದೂ ನಿಜ. ಆದರೆ ಹರಕೆಯ ದಿನವನ್ನು ಮುಂದಿನ ಕಾಲು ಶತಮಾನ ಹೆಚ್ಚಿನ ಬೋಯರರು ಆಚರಿಸಲೇ ಇಲ್ಲ. ಬ್ರಿಟಿಷರ ವಿರುದ್ಧ ಬಂಡಾಯವೇಳುವ ಮುನ್ನ, 1880ರ ಡಿಸೆಂಬರ್‌ನಲ್ಲಿ ಪಾರ್ಡೆಕ್ರಾಲ್‌ನಲ್ಲಿ ಸಾವಿರಾರು ಜನ ಕಲ್ಲಿನ ರಾಶಿ ಹಾಕಿ ಪ್ರತಿಜ್ಞೆ ಮಾಡಿದಾಗ ಹಳೆಯ ಹರಕೆಗೆ ಹೊಸ ಜೀವ ಬಂತು. ‘ಆಯ್ದ ಜನ’ ಎಂಬ ನಂಬಿಕೆಯನ್ನು ಮೊದಲ ಬೋಯರರೇ ಹೊತ್ತು ತಂದಿದ್ದರು ಎಂಬ ಮಾತನ್ನು ಆಂದ್ರೆ ದು ತುವಾ 1983ರಲ್ಲಿ ಕೆದಕಿ ನೋಡಿದರು. ಅವರಿಗೆ ಸಿಕ್ಕಿದ್ದು ವಿಚಿತ್ರ: ಆ ವರ್ಣನೆ ಹಬ್ಬಿದ್ದು ಬೋಯರರನ್ನು ಟೀಕಿಸುತ್ತಿದ್ದ ಡೇವಿಡ್ ಲಿವಿಂಗ್‌ಸ್ಟನ್‌ನಂಥ ಹೊರಗಿನವರ ಬರಹದಿಂದ. ಬೈಗುಳವನ್ನೇ ಮುಂದಿನ ತಲೆಮಾರು ಬಿರುದು ಮಾಡಿಕೊಂಡಿತು. ನೆಲ್ಸನ್ ಮಂಡೇಲಾರ ಸಂಗಡಿಗರು 1961ರಲ್ಲಿ ಸಶಸ್ತ್ರ ಹೋರಾಟ ಆರಂಭಿಸಲು ಆರಿಸಿದ್ದೂ ಡಿಸೆಂಬರ್ 16ನ್ನೇ. ವರ್ಣಭೇದ ಆಡಳಿತ ಮುಗಿದ ಮೇಲೆ ಅದು ‘ಸಾಮರಸ್ಯ ದಿನ’ವಾಯಿತು.

ತೌಲನಿಕ ಅಧ್ಯಯನಗಳು ಬಂದದ್ದು ಆಮೇಲೆ. ಡೊನಾಲ್ಡ್ ಏಕನ್‌ಸನ್ 1992ರಲ್ಲಿ ದಕ್ಷಿಣ ಆಫ್ರಿಕ, ಇಸ್ರೇಲ್, ಅಲ್‌ಸ್ಟರ್ ಮೂರನ್ನೂ ಒಟ್ಟಿಗಿಟ್ಟು ನೋಡಿದರು. 1912ರಲ್ಲಿ ಉತ್ತರ ಐರ್ಲೆಂಡಿನ ಅಲ್‌ಸ್ಟರ್‌ನಲ್ಲಿ, ಐರ್ಲೆಂಡಿಗೆ ಸ್ವಯಮಾಡಳಿತ ಬೇಡವೆಂಬ ‘ಒಡಂಬಡಿಕೆ’ಯ ಪ್ರತಿಜ್ಞೆಗೆ ಗಂಡಸರು, ಹೆಂಗಸರು ಸೇರಿ ನಾಲ್ಕೂಮುಕ್ಕಾಲು ಲಕ್ಷದಷ್ಟು ಜನ ಸಹಿ ಹಾಕಿದ್ದರು. ಆಂಥನಿ ಸ್ಮಿತ್ 2003ರಲ್ಲಿ ಈ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿದರು.

ಇತಿಹಾಸಕಾರರು ದಾವೆ ಹುಟ್ಟಿದ ಬಗೆಯನ್ನು ಹೇಳಿದರು; ಅದು ಸರಿಯೇ ಎಂದು ಕೇಳಿದವರು ಧರ್ಮಶಾಸ್ತ್ರಜ್ಞರು. ಅವರ ಕೈಯಲ್ಲಿದ್ದ ಹಳೆಯ ಅಸ್ತ್ರ ಪ್ರವಾದಿ ಆಮೋಸನದು. ಇಸ್ರಾಯೇಲ್ಯರನ್ನು ಐಗುಪ್ತದಿಂದ ಕರೆತಂದ ದೇವರೇ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ಮೂಲನೆಲೆಯಿಂದ ಕರೆತಂದ ಎಂದು ಆತ ಹೇಳಿದ್ದಾನೆ. ಯೆಹೂದಿ ಚಿಂತಕ ಯೆಶಾಯಾಹು ಲೈಬೊವಿಚ್ ಪ್ರಕಾರ ಪಾವಿತ್ರ್ಯ ಜನಾಂಗದ ಆಸ್ತಿಯಲ್ಲ, ಹೊಣೆ; ರಾಷ್ಟ್ರವನ್ನೇ ಪವಿತ್ರವೆನ್ನುವುದು ವಿಗ್ರಹಾರಾಧನೆ. 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ರಿಫಾರ್ಮ್ಡ್ ಚರ್ಚುಗಳ ವಿಶ್ವ ಒಕ್ಕೂಟ, ವರ್ಣಭೇದದ ಧಾರ್ಮಿಕ ಸಮರ್ಥನೆಯನ್ನು ಪಾಷಂಡವೆಂದು ಸಾರಿ ಬೋಯರರ ಸಂತತಿಯಾದ ಆಫ್ರಿಕಾನರ್‌ರ ಎರಡು ಚರ್ಚುಗಳ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು.

ಸಂಶೋಧಕರ ಹೊಸ ಕ್ಷೇತ್ರ ಜಾಂಬಿಯಾ. 1991ರ ಡಿಸೆಂಬರ್ 29ರಂದು, ಚುನಾವಣೆ ಗೆದ್ದು ಎರಡು ತಿಂಗಳಾಗಿದ್ದ ಅಧ್ಯಕ್ಷ ಫ್ರೆಡರಿಕ್ ಚಿಲುಬಾ, ಜನರ ಪರವಾಗಿ ದೇವರೊಡನೆ ಒಡಂಬಡಿಕೆ ಮಾಡಿಕೊಂಡು ದೇಶವನ್ನು ಕ್ರೈಸ್ತ ರಾಷ್ಟ್ರವೆಂದು ಘೋಷಿಸಿದರು. ಮುಖ್ಯ ಚರ್ಚುಗಳನ್ನು ಮೊದಲು ಕೇಳಿರಲೂ ಇಲ್ಲ. ಪಾಲ್ ಗಿಫರ್ಡ್ 1998ರಲ್ಲಿ, ಇಸಬೆಲ್ ಫಿರಿ 2003ರಲ್ಲಿ ಈ ಘೋಷಣೆಗೂ ಅಧಿಕಾರ ರಾಜಕೀಯಕ್ಕೂ ಇರುವ ನಂಟನ್ನು ಪರಿಶೀಲಿಸಿದರು. 2001ರಲ್ಲಿ ಚಿಲುಬಾ ಮೂರನೇ ಅವಧಿಗೆ ಆಸೆಪಟ್ಟಾಗ ಎದುರು ನಿಂತ ಓಯಸಿಸ್ ಫೋರಂನಲ್ಲಿ ವಕೀಲರು, ಮಹಿಳಾ ಸಂಘಟನೆಗಳ ಜೊತೆಗೆ ದೇಶದ ಮೂರು ಪ್ರಮುಖ ಚರ್ಚು ಒಕ್ಕೂಟಗಳೂ ಇದ್ದವು. ಚಿಲುಬಾ ಹಿಂದೆ ಸರಿಯಬೇಕಾಯಿತು. 1996ರಲ್ಲಿ ಸಂವಿಧಾನದ ಪೀಠಿಕೆ ಸೇರಿದ ‘ಕ್ರೈಸ್ತ ರಾಷ್ಟ್ರ’ ಎಂಬ ಘೋಷಣೆಯನ್ನು, ಎಲ್ಲರಿಗೂ ಧರ್ಮಸ್ವಾತಂತ್ರ್ಯವಿದೆ ಎಂಬ ಮಾತಿನ ಜೊತೆಗೆ, 2016ರ ತಿದ್ದುಪಡಿಯೂ ಉಳಿಸಿಕೊಂಡಿತು.