ಯವನರ ಎಣ್ಣೆಯೂ ನಮ್ಮ ಎಳ್ಳೆಣ್ಣೆಯೂ

ಮೂರು ವರ್ಷಗಳ ಹಿಂದೆ, ಪರದೇಶದಲ್ಲಿ ನೆಲಸಿರುವ ನಮ್ಮ ಮಗಳು ಗ್ರೀಸ್ ದೇಶವನ್ನು ನೋಡಿಕೊಂಡು ಅಲ್ಲಿಂದ ಮೈಸೂರಿಗೆ ಬಂದಿದ್ದಳು. ಬರುವಾಗ ಕ್ರೀಟ್ ದ್ವೀಪದ ಗಾಣವೊಂದರಲ್ಲಿ ಕೊಂಡ ಆಲಿವ್ ಎಣ್ಣೆಯ ಸೀಸೆಯನ್ನು ಬಟ್ಟೆಗಳ ನಡುವೆ ಸುತ್ತಿ, ಎಳೆಗೂಸನ್ನು ತರುವಂತೆ ತಂದು, ತಾಯಿಯ ಕೈಗಿತ್ತಳು. ನೂರು ಮಿಲಿಲೀಟರಿಗೆ ಮೀರಿದ ದ್ರವವನ್ನು ವಿಮಾನದಲ್ಲಿ ಕೈಚೀಲದೊಳಗೆ ಆಗ ಒಯ್ಯಗೊಡಲಿಲ್ಲವಾದ್ದರಿಂದ ಅದು ಪೆಟ್ಟಿಗೆಯಲ್ಲಿಯೇ ಬರಬೇಕಾಯಿತಂತೆ. “ಬೇಗ ಉಪಯೋಗಿಸಿಬಿಡಿ ಅಮ್ಮ, ಇಡಬೇಡಿ” ಎಂದು ಹೇಳಿ ಹೋದಳು. ಮಗಳು ತಂದುದೆಂಬ ಮಮತೆಯಿಂದ ನಮ್ಮ ಮನೆಯವರು ಅದನ್ನು ತೆರೆಯದೆ, ಕಿಟಕಿಯ ಎದುರಿನ ಗಾಜಿನ ಬೀರುವಿನಲ್ಲಿ ದಸರೆಯ ಬೊಂಬೆಗಳ ಪಕ್ಕದಲ್ಲಿ ಇರಿಸಿದರು. ನಾನೂ ಬೇಡವೆನ್ನಲಿಲ್ಲ. ಎರಡು ದಸರೆಗಳು ಕಳೆದ ಮೇಲೆ ಮಗಳು ಪುನಃ ಬಂದಾಗ ಬಿರಡೆಯನ್ನು ತೆಗೆದರೆ, ಮನೆಯೆಲ್ಲ ಕಮಟು ವಾಸನೆ! ಮಗಳು ಏನೂ ಅನ್ನಲಿಲ್ಲ. ಸುಮ್ಮನೆ ಸೀಸೆಯನ್ನು ಹಿತ್ತಲಿಗೆ ಒಯ್ದಳು. ಆ ಮೌನವೇ ನನ್ನನ್ನು ಪುಸ್ತಕಗಳ ಕಡೆಗೆ ಅಟ್ಟಿತು. ಅಲ್ಲಿ ಕಂಡುದನ್ನು ಯಥಾಮತಿಯಾಗಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಶಬ್ದವಿಚಾರ. ಪಾಠಶಾಲೆಯ ಅನ್ನವನ್ನು ಉಂಡವನಿಗೆ ಇದು ಬಿಡಲಾಗದ ಚಟ. ತಿಲದಿಂದ ಹುಟ್ಟಿದುದು ತೈಲ. ಹಾಗಾದರೆ ಸಾಸಿವೆಯಿಂದ ಬಂದುದು ತೈಲವಾದೀತು ಹೇಗೆ? ಲೋಕವು ಈ ಆಕ್ಷೇಪಕ್ಕೆ ಕಾಯದೆ ಸರ್ಷಪತೈಲ, ಇಂಗುದತೈಲ ಎಂದು ಆಡಿಕೊಂಡು ಹೋಯಿತು. ಕಡೆಗೆ ತಿಲತೈಲವೆಂಬ ದ್ವಿರುಕ್ತಿಯೂ ಬಂದಿತು. ವೈಯಾಕರಣರು ಲೋಕಕ್ಕೆ ಮಣಿದು, ಸ್ನೇಹವೆಂಬ ಅರ್ಥದಲ್ಲಿ ‘ತೈಲಚ್’ ಎಂಬ ಪ್ರತ್ಯಯವನ್ನೇ ವಾರ್ತಿಕದಲ್ಲಿ ವಿಧಿಸಿ ಸಮಾಧಾನಪಟ್ಟರು. ಕನ್ನಡದ ಕಥೆಯೂ ಇದೇ. ಎಳ್ಳಿನ ನೆಯ್ಯೇ ಎಣ್ಣೆ. ಆದರೂ ನಾವು ಎಳ್ಳೆಣ್ಣೆ, ಹರಳೆಣ್ಣೆ, ಕೊಬ್ಬರಿ ಎಣ್ಣೆ ಎನ್ನುತ್ತೇವೆ. ಗಂಧದ ಚೇಗನ್ನು ಬಟ್ಟಿಯಿಳಿಸಿ ತೆಗೆದುದನ್ನೂ ಗಂಧದೆಣ್ಣೆಯೆಂದೇ ಕರೆದೆವು. ಮೊದಲನೆಯ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರದ ಸಾಗಣೆ ನಿಂತುಹೋದಾಗ, 1916 ರಲ್ಲಿ ಬೆಂಗಳೂರಿನಲ್ಲಿಯೂ ತರುವಾಯ ನಮ್ಮ ಮೈಸೂರಿನಲ್ಲಿಯೂ ಆ ಕೆಲಸವು ನಡೆಯತೊಡಗಿದುದನ್ನು ಊರಿನವರೆಲ್ಲ ಬಲ್ಲರು. ಎಳ್ಳಿಗೂ ಆ ಮರಕ್ಕೂ ಏನು ನಂಟು? ಹೆಸರಿನ ನಂಟು ಮಾತ್ರ.

ವಿಸ್ಮಯವೇನೆಂದರೆ, ಸಮುದ್ರದ ಆಚೆಯ ದಡದಲ್ಲಿಯೂ ಇದೇ ನಡೆಯಿತು. ಯವನ ಭಾಷೆಯಲ್ಲಿ ಆಲಿವ್ ಮರಕ್ಕೆ ‘ಎಲೈಯ’ ಎಂದು ಹೆಸರು. ಅದರ ರಸ ‘ಎಲೈಯೊನ್’. ರೋಮಕರು ಅದನ್ನು ‘ಓಲಿಯುಂ’ ಎಂದರು. ಆಂಗ್ಲರ ‘ಆಯಿಲ್’ ಅದರ ಮೊಮ್ಮಗು. ನಮ್ಮವರು ಎಣ್ಣೆಯೆಂದೊಡನೆ ಎಳ್ಳನ್ನು ನೆನೆದಂತೆ ಅವರು ಆಲಿವನ್ನು ನೆನೆದರು. ಕನ್ನಡ ಬೈಬಲಿನ ಭಾಷಾಂತರಕಾರರಿಗೆ ಈ ಮರಕ್ಕೆ ಹೆಸರು ಬೇಕಾದಾಗ ಅವರು ‘ಎಣ್ಣೇಮರ’ವೆಂದು ಕರೆದುದು ಎಷ್ಟು ಜಾಣತನವೆಂಬುದು ಈಗ ನನಗೆ ಹೊಳೆಯಿತು. ಎಳ್ಳಿನ ಹೆಸರನ್ನು ಹೊತ್ತ ಶಬ್ದವು ಎಳ್ಳನ್ನೇ ಕಾಣದ ಗುಡ್ಡಕ್ಕೆ ಹೋಗಿ ಕುಳಿತಿತು.

ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ, ಹೆಸರರಿಯದ ಒಬ್ಬ ಯವನ ವರ್ತಕನು ‘ಪೆರಿಪ್ಲಸ್’ ಎಂಬ ಕಡಲಯಾನದ ಕೈಪಿಡಿಯನ್ನು ಬರೆದನು. ಅದರಲ್ಲಿ ಭರುಕಚ್ಛದ ಕಡೆಯಿಂದ ಆಫ್ರಿಕದ ತೀರಕ್ಕೆ ಹೋಗುತ್ತಿದ್ದ ಸರಕುಗಳ ಪಟ್ಟಿಯಿದೆ: ಗೋಧಿ, ಅಕ್ಕಿ, ತುಪ್ಪ, ಹತ್ತಿಯ ಬಟ್ಟೆ, ಮತ್ತು ಎಳ್ಳಿನ ‘ಎಲೈಯೊನ್’. ನಾವು ಆಲಿವನ್ನು ‘ಎಣ್ಣೇಮರ’ವೆಂದಂತೆ, ಅವನು ನಮ್ಮ ಎಣ್ಣೆಗೆ ತನ್ನ ಮರದ ಹೆಸರನ್ನು ಅಂಟಿಸಿಬಿಟ್ಟಿದ್ದಾನೆ! ಅದೇ ಕೈಪಿಡಿಯಲ್ಲಿ ಕೆಂಗಡಲಿನ ಅದೂಲಿಸ್ ರೇವಿಗೆ ಆಲಿವ್ ಎಣ್ಣೆಯು ಸ್ವಲ್ಪ ಬರುತ್ತಿತ್ತೆಂದು ಹೇಳಿದೆ. ಆದರೆ ಮುಚಿರಿಗೆ ಬರುವ ಸರಕುಗಳಲ್ಲಿ ನಾಣ್ಯ, ಹವಳ, ತಾಮ್ರ, ಸ್ವಲ್ಪ ಮದ್ಯ ಇವುಗಳಿವೆ, ಎಣ್ಣೆಯಿಲ್ಲ. ಒಂದು ಮಾತು ಮಾತ್ರ ಅರ್ಥವತ್ತಾಗಿದೆ: ಅಲ್ಲಿಗೆ ಗೋಧಿಯನ್ನು ಹಡಗಿನವರ ಊಟಕ್ಕೆ ಸಾಲುವಷ್ಟು ಒಯ್ಯಬೇಕು, ಏಕೆಂದರೆ ಅಲ್ಲಿಯ ವರ್ತಕರು ಅದನ್ನು ಬಳಸುವುದಿಲ್ಲವಂತೆ.

ಹೀಗಿರಲು, ಆಲಿವ್ ಎಣ್ಣೆಯು ಭರತಖಂಡಕ್ಕೆ ಬರಲೇ ಇಲ್ಲವೆನ್ನೋಣವೆ? ಮಣ್ಣು ಬೇರೆ ಸಾಕ್ಷ್ಯವನ್ನು ನುಡಿಯುತ್ತದೆ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ವೀಲರ್ ಮಹಾಶಯರು 1945 ರಲ್ಲಿ ಉತ್ಖನನ ನಡೆಸಿದರು. 1989 ರಿಂದ 1992 ರವರೆಗೆ ವಿಮಲಾ ಬೇಗ್ಲಿಯವರು ಪುನಃ ಅಗೆದರು. ಅಲ್ಲಿ ದೊರೆತ ಎರಡು ಹಿಡಿಗಳ ‘ಆಂಫೊರ’ವೆಂಬ ಮಣ್ಣಿನ ಕೊಡಗಳ ಚೂರುಗಳನ್ನು ಎಲಿಜಬೆತ್ ವಿಲ್ ಎಂಬ ವಿದುಷಿಯು ಪರೀಕ್ಷಿಸಿದರು. ಹೆಚ್ಚಿನವು ಮದ್ಯದ ಕೊಡಗಳು. ಆದರೆ ಏಡ್ರಿಯಾಟಿಕ್ ಸಮುದ್ರದ ಇಸ್ತ್ರಿಯ ಪ್ರಾಂತದಿಂದ ಆಲಿವ್ ಎಣ್ಣೆಯನ್ನು ತಂದ ಕೊಡಗಳೂ, ಸ್ಪೇನಿನಿಂದ ಮೀನಿನ ರಸವನ್ನು ತಂದ ಕೊಡಗಳೂ ಅವುಗಳಲ್ಲಿದ್ದುವು. ಮೀನಿನ ರಸವನ್ನು ನಮ್ಮವರು ಆಶೆಪಟ್ಟು ಕೊಂಡರೆಂದು ನಾನು ನಂಬಲಾರೆ. ಮುಚಿರಿಯ ಗೋಧಿಯಂತೆಯೇ ಇವೂ ಅಲ್ಲಿ ತಂಗಿದ್ದ ಯವನರ ಊಟಕ್ಕೂ ಸ್ನಾನಕ್ಕೂ ದೀಪಕ್ಕೂ ಬಂದುವೆಂಬುದು ನನ್ನ ಎಣಿಕೆ. ಪರದೇಶದಲ್ಲಿರುವ ನಮ್ಮ ಮಕ್ಕಳು ಇಲ್ಲಿಂದ ಹುಣಿಸೇಹಣ್ಣನ್ನೂ ಸಾರಿನ ಪುಡಿಯನ್ನೂ ಒಯ್ಯುವುದಿಲ್ಲವೆ?

ಕನ್ನಡ ನಾಡಿನ ಮಾತೇನು? ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ನಮ್ಮ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಎಂ. ಎಚ್. ಕೃಷ್ಣ ಅವರು ಅಗೆಸಿದರು. 1947 ರಲ್ಲಿ ವೀಲರ್ ಅವರೂ ಅಗೆಸಿದರು. ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಅಲ್ಲಿ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿಯೂ 1891 ರಲ್ಲಿ ಅಂತಹ ನಾಣ್ಯಗಳ ನಿಧಿಯು ದೊರೆಯಿತು. ಅಂತೂ ರೋಮಿನ ಬೆಳ್ಳಿಯು ಘಟ್ಟವನ್ನು ಹತ್ತಿ ಬಂದಿತು. ಮದ್ಯದ ವಿಷಯದಲ್ಲಿಯೂ ಒಂದು ಸೂಚನೆಯಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಯವನ ಪ್ರಹಸನದಲ್ಲಿ ಹಿಂದೂ ದೇಶದ ಅರಸನೊಬ್ಬನನ್ನು ಮದ್ಯ ಕುಡಿಸಿ ಮರುಳುಗೊಳಿಸುತ್ತಾರೆ. ಅವನ ಕಡೆಯವರು ಆಡುವ ಮಾತುಗಳು ಕನ್ನಡವಾಗಿರಬಹುದೆಂದು ಹುಲ್ಷ್ ಪಂಡಿತರು 1904 ರಲ್ಲಿ ಸೂಚಿಸಿದರು. ಆ ವಾದವು ಇನ್ನೂ ಮುಗಿದಿಲ್ಲ. ಅದು ಏನೇ ಇರಲಿ, ಯವನರ ಎಣ್ಣೆಗೆ ಇಲ್ಲಿ ಗಿರಾಕಿಯಿದ್ದಂತೆ ಎಲ್ಲಿಯೂ ಕಾಣದು.

ಇರಲು ಕಾರಣವಾದರೂ ಏನು? ಎಣ್ಣೆಗಳಲ್ಲೆಲ್ಲ ಎಳ್ಳಿನದೇ ಮೇಲೆಂದು ಚರಕನು ತೀರ್ಮಾನಿಸಿದ್ದನು. ನಮ್ಮ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಗಾಣವನ್ನೂ ಎಣ್ಣೆಯನ್ನೂ ಬಿಟ್ಟ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ‘ತೆಲ್ಲಿಗ ಐವತ್ತೊಕ್ಕಲು’ ಎಂಬ ಗಾಣಿಗರ ಸಂಘವು ಊರಿನ ಹಿರಿಯರ ಸಾಲಿನಲ್ಲಿ ನಿಂತು ದಾನ ಕೊಡುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಅಭ್ಯಂಗಕ್ಕೆಂದು ಹೂಗಳಿಂದ ವಾಸಿಸಿದ ಎಳ್ಳೆಣ್ಣೆಯನ್ನು ವರ್ಣಿಸಿದ್ದಾನೆ. ಮಲ್ಲರ ಮೈಗೂ ದೇವರ ಸೊಡರಿಗೂ ಬಾಣಂತಿಯ ನೆತ್ತಿಗೂ ಒದಗುವ ಎಣ್ಣೆ ಕೇರಿಯ ಗಾಣದಲ್ಲಿಯೇ ಇಳಿಯುತ್ತಿರುವಾಗ ಕಡಲಿನಾಚೆಯದು ಯಾರಿಗೆ ಬೇಕು?

ಇನ್ನೊಂದು ಕಾರಣವೂ ಉಂಟು. ನಮ್ಮ ಮನೆಯ ಸೀಸೆ ಅದನ್ನು ನನಗೆ ಕಲಿಸಿತು. ಕ್ರಿ. ಶ. 79 ರಲ್ಲಿ ಮೃತನಾದ ರೋಮಿನ ಪಂಡಿತ ಪ್ಲಿನಿಯು ಈ ದಾರಿಯ ಲೆಕ್ಕವನ್ನು ಕೊಟ್ಟಿದ್ದಾನೆ. ಅಲೆಕ್ಸಾಂಡ್ರಿಯದ ಬಳಿಯಿಂದ ನೈಲ್ ನದಿಯಲ್ಲಿ ಕಾಪ್ಟಸಿಗೆ 12 ದಿನ. ಅಲ್ಲಿಂದ ಒಂಟೆಗಳ ಮೇಲೆ ಮರುಭೂಮಿಯನ್ನು ದಾಟಿ ಬೆರೆನಿಕೆಗೆ 12 ದಿನ. ಕೆಂಗಡಲಿನ ಬಾಯಿಯವರೆಗೆ ಸುಮಾರು 30 ದಿನ. ಅಲ್ಲಿಂದ ಮುಂಗಾರಿನ ಗಾಳಿ ಹಿಡಿದು ಮುಚಿರಿಗೆ 40 ದಿನ. ಎಲ್ಲಿಯೂ ತಂಗದಿದ್ದರೂ 94 ದಿನ, ಅದೂ ನಡುಬೇಸಗೆಯಲ್ಲಿ. ಇಸ್ತ್ರಿಯದಿಂದ ಅಲೆಕ್ಸಾಂಡ್ರಿಯಕ್ಕೆ ಬಂದ ದಿನಗಳನ್ನು ಇದಕ್ಕೆ ಕೂಡಿಸಬೇಕು. ಅದೇ ಪ್ಲಿನಿಯು ಇನ್ನೊಂದೆಡೆ ಹೇಳುತ್ತಾನೆ: ಮದ್ಯಕ್ಕೆ ಮುಪ್ಪು ಗುಣವಾದರೆ ಎಣ್ಣೆಗೆ ದೋಷ; ವರ್ಷವೊಂದಾದರೆ ಎಣ್ಣೆ ಮುದಿಯಾಯಿತು. ಹತ್ತೊಂಬತ್ತು ಶತಮಾನಗಳ ಹಿಂದಿನ ಈ ಮಾತು ನಮಗೆ ಮೊದಲೇ ತಿಳಿದಿದ್ದರೆ ಬೊಂಬೆಗಳ ಪಕ್ಕದಲ್ಲಿ ಅದನ್ನು ಇರಿಸುತ್ತಿದ್ದೆವೆ?

ಈ ಕಾಲದ ರಸಾಯನ ಶಾಸ್ತ್ರಜ್ಞರೂ ಅದನ್ನೇ ಹೇಳುತ್ತಾರೆ. ಬೆಳಕು, ಬಿಸಿ, ಗಾಳಿ ಈ ಮೂರೂ ಆಲಿವ್ ಎಣ್ಣೆಯ ಶತ್ರುಗಳು. ಹಣ್ಣನ್ನು ಕಾಯಿಸದೆ, ಔಷಧಿ ಬೆರಸದೆ, ಬರಿಯ ಯಂತ್ರದಿಂದ ಹಿಂಡಿದ, ಸ್ವತಂತ್ರ ಆಮ್ಲವು ನೂರಕ್ಕೆ 0.8 ಕ್ಕೆ ಮೀರದ ಎಣ್ಣೆಗೆ ಉತ್ತಮವೆಂಬ ಪದವಿ. ಕೊಳ್ಳುವವರು ಬಣ್ಣಕ್ಕೆ ಮರುಳಾಗಬಾರದು. ಕೊಯ್ಲಿನ ವರ್ಷವನ್ನು ನೋಡಬೇಕು. ಗಾಢವರ್ಣದ ಸೀಸೆ ಇಲ್ಲವೆ ತಗಡಿನ ಡಬ್ಬಿಯನ್ನು ಆರಿಸಬೇಕು. ನಮ್ಮ ಬಾಲ್ಯದಲ್ಲಿ ಇದು ಔಷಧದ ಅಂಗಡಿಯ ಪುಟ್ಟ ಡಬ್ಬಿಗಳಲ್ಲಿ ಕೂಸುಗಳ ಮೈಗೆ ಹಚ್ಚಲೆಂದು ದೊರೆಯುತ್ತಿತ್ತೇ ಹೊರತು ಅಡಿಗೆಮನೆಗೆ ಕಾಲಿಟ್ಟಿರಲಿಲ್ಲ. ಈಗ ರಾಜಸ್ಥಾನದಲ್ಲಿಯೂ ಆಲಿವ್ ತೋಪುಗಳನ್ನು ಬೆಳೆಸಿದ್ದಾರೆ.

ಈ ವರ್ಷ ಮಗಳು ತಗಡಿನ ಡಬ್ಬಿಯನ್ನೇ ತಂದಳು. ಅವಳು ಇಲ್ಲಿರುವಾಗಲೇ ತೆರೆದೆವು. ಮೊದಲ ಹನಿ ನಾಲಗೆಗೆ ಕಹಿ, ಗಂಟಲಿಗೆ ಖಾರ. ಅದೇ ಹೊಸತನದ ಗುರುತೆಂದು ಅವಳೆಂದಳು. ನಮ್ಮ ಮನೆಯವರು ಅದನ್ನು ಬಿಸಿ ಅನ್ನಕ್ಕೆ, ಚಟ್ನಿಪುಡಿಯ ಮೇಲೆ ಹಾಕಿಕೊಂಡು ಉಂಡು, “ಎಳ್ಳೆಣ್ಣೆಯಷ್ಟಿಲ್ಲ, ಆದರೂ ಚೆನ್ನಾಗಿದೆ” ಎಂದು ತೀರ್ಪಿತ್ತರು. ಹೊರಡುವ ಹಿಂದಿನ ದಿನ ಮಗಳ ಪೆಟ್ಟಿಗೆಯಲ್ಲಿ ಗಾಣದ ಎಳ್ಳೆಣ್ಣೆಯ ಎರಡು ಡಬ್ಬಿಗಳನ್ನಿಟ್ಟರು. ಮುಚ್ಚಳದ ಮೇಲೆ ಹಿಂಡಿದ ದಿನಾಂಕವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು.