ವಿಹಾರದ ಬಾವುಟ ಹೊತ್ತ ಕರಾಳ ಯಾನ

1844ರ ಜುಲೈ 30ರ ಸಂಜೆ ನ್ಯೂಯಾರ್ಕ್ ಬಂದರಿನಲ್ಲಿ ಲಂಗರು ಹಾಕಿದ್ದ 'ಗಿಮ್‌ಕ್ರ್ಯಾಕ್' ಎಂಬ ಹಾಯಿ ನೌಕೆಯ ಮೇಲೆ ಒಂಬತ್ತು ಮಂದಿ ಶ್ರೀಮಂತರು ಸೇರಿದ್ದರು. ನೌಕೆಯ ಒಡೆಯ ಜಾನ್ ಕಾಕ್ಸ್ ಸ್ಟೀವನ್ಸ್. ಈತನ ತಂದೆ ಅಮೆರಿಕದಲ್ಲಿ ಉಗಿಹಡಗುಗಳನ್ನು ಕಟ್ಟಿ ಓಡಿಸಿದ ಮೊದಲಿಗರಲ್ಲೊಬ್ಬ. ಮಗನಿಗೆ ಮಾತ್ರ ಹಾಯಿಯ ಹುಚ್ಚು. ಅಂದು ಆ ಒಂಬತ್ತು ಮಂದಿ ಎರಡು ತೀರ್ಮಾನ ಕೈಗೊಂಡರು. ಒಂದು, ನ್ಯೂಯಾರ್ಕ್ ಯಾಟ್ ಕ್ಲಬ್ ಸ್ಥಾಪನೆ. ಇನ್ನೊಂದು, ಎಲ್ಲರೂ ಒಟ್ಟಾಗಿ ನ್ಯೂಪೋರ್ಟ್‌ಗೆ ಹಾಯಿ ಬಿಚ್ಚಿ ಹೊರಡುವುದು. ಕ್ಲಬ್ಬಿಗೆ ಇನ್ನೂ ಕಟ್ಟಡವಿರಲಿಲ್ಲ, ಆದರೆ ಮೂರೇ ದಿನಗಳಲ್ಲಿ ಯಾನ ಶುರುವಾಯಿತು!

ಯುದ್ಧಕಾಲದ ವಿರಾಮಗಳನ್ನು ಬಿಟ್ಟರೆ ಬೇಸಿಗೆಯ ಈ ಸಾಮೂಹಿಕ ಯಾನ ಇಂದಿಗೂ ನಡೆದುಬಂದಿದೆ. 'ಕ್ರೂಸ್' ಎಂದರೆ ಈಗ ನಮಗೆ ನೆನಪಾಗುವುದು ಸಾವಿರಾರು ಪ್ರಯಾಣಿಕರನ್ನು ಹೊತ್ತ ತೇಲುವ ಹೋಟೆಲು. ಹಾಯಿ ಕ್ಲಬ್ಬುಗಳ ಮಾತಿನಲ್ಲಿ ಅದರ ಅರ್ಥ ಬೇರೆ. ಸದಸ್ಯರ ನೌಕೆಗಳೆಲ್ಲ ಒಂದು ದಂಡಾಗಿ ಬಂದರಿನಿಂದ ಬಂದರಿಗೆ, ದ್ವೀಪದಿಂದ ದ್ವೀಪಕ್ಕೆ ಸಾಗುವುದೇ ಅಲ್ಲಿ ಕ್ರೂಸ್.

ಇದಕ್ಕೆ ಹೇಳಿ ಮಾಡಿಸಿದ ಸಮುದ್ರ ನ್ಯೂಯಾರ್ಕಿನ ಮಗ್ಗುಲಲ್ಲೇ ಇದೆ. ಸುಮಾರು 190 ಕಿಲೋಮೀಟರ್ ಉದ್ದದ ಲಾಂಗ್ ಐಲ್ಯಾಂಡ್ ದ್ವೀಪ ಅಟ್ಲಾಂಟಿಕ್ ಸಾಗರಕ್ಕೆ ಅಡ್ಡಗೋಡೆಯಂತೆ ಮಲಗಿದೆ. ಅದರ ಹಿಂದಿನ ಶಾಂತ ನೀರಿನಲ್ಲಿ ಪೂರ್ವಕ್ಕೆ ಸಾಗಿದರೆ ಬ್ಲಾಕ್ ಐಲ್ಯಾಂಡ್, ಮಾರ್ಥಾಸ್ ವಿನ್ಯಾರ್ಡ್, ನಾಂಟಕೆಟ್ ದ್ವೀಪಗಳು ಒಂದರ ನಂತರ ಒಂದು ಸಿಗುತ್ತವೆ. ನ್ಯೂಪೋರ್ಟ್ ಪಟ್ಟಣವೂ ದ್ವೀಪದ ಮೇಲೆಯೇ ಇದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ನೈಋತ್ಯದಿಂದ ಗಾಳಿ ಬೀಸುತ್ತದೆ. ಹಗಲಿಡೀ ಓಡಿ ಸಂಜೆಗೆ ಒಂದು ಆಸರೆಯ ಕೊಲ್ಲಿ ಸೇರಬಹುದು.

ಹಾಗೆಂದು ಎಲ್ಲವೂ ಸಲೀಸಲ್ಲ. ಬೆಚ್ಚನೆಯ ತೇವದ ಗಾಳಿ ತಣ್ಣೀರಿನ ಮೇಲೆ ಹಾದಾಗ ದಟ್ಟ ಮಂಜು ಕವಿಯುತ್ತದೆ. ನಾಂಟಕೆಟ್‌ಗೆ 'ಬೂದು ಬಣ್ಣದ ಮಹಿಳೆ' ಎಂಬ ಅಡ್ಡಹೆಸರು ಬಂದದ್ದೇ ಈ ಮಂಜಿನಿಂದ. ದ್ವೀಪಗಳ ನಡುವಿನ ಕಿರುದಾರಿಗಳಲ್ಲಿ ಉಬ್ಬರವಿಳಿತದ ಸೆಳೆತವೂ ಜೋರು. ಒಂಟಿಯಾಗಿ ಹೋಗುವವನಿಗಿಂತ ಗುಂಪಿನಲ್ಲಿ ಹೋಗುವವನಿಗೆ ಧೈರ್ಯ ಹೆಚ್ಚು. ದಂಡಿನ ನಾಯಕನಿಗೆ ನೌಕಾಪಡೆಯಲ್ಲಿರುವಂತೆ 'ಕಮಡೋರ್' ಎಂದೇ ಹೆಸರು. ಆತನ ನೌಕೆಯ ಬಾವುಟಗಳ ಸಂಕೇತ ನೋಡಿ ಉಳಿದವರು ಹೊರಡಬೇಕು. ಹಾಗೆ ನೋಡಿದರೆ ಇಡೀ ವ್ಯವಸ್ಥೆ ನಿಂತಿದ್ದು ಬಾವುಟದ ಮೇಲೆ.

ಬಾವುಟಕ್ಕೆ ಸಿಕ್ಕ ಮರ್ಯಾದೆ

ಆ ಬಾವುಟಕ್ಕೆ ಸರ್ಕಾರವೂ ಮರ್ಯಾದೆ ಕೊಟ್ಟಿತು. ವಿಹಾರಕ್ಕೆ ಹೊರಟವರು ಪ್ರತಿ ಬಂದರಿನಲ್ಲೂ ಸುಂಕದ ಕಟ್ಟೆಗೆ ಹೋಗಿ ಕಾಗದಪತ್ರ ತೋರಿಸುವುದು ರಗಳೆಯ ಕೆಲಸ. 1848ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯಿದೆ ಮಾಡಿತು. ಪರವಾನಗಿ ಪಡೆದ ವಿಹಾರ ನೌಕೆಗಳು ದೇಶದ ಒಂದು ಬಂದರಿನಿಂದ ಇನ್ನೊಂದಕ್ಕೆ ಈ ರಗಳೆಯಿಲ್ಲದೆ ಹೋಗಬಹುದಿತ್ತು. ಅವು ಸರಕನ್ನಾಗಲೀ ಬಾಡಿಗೆ ಪ್ರಯಾಣಿಕರನ್ನಾಗಲೀ ಸಾಗಿಸಕೂಡದು ಎಂಬುದು ಷರತ್ತು. ಇಂಥ ನೌಕೆಗಳಿಗಾಗಿ ಪ್ರತ್ಯೇಕ ಧ್ವಜವೂ ಬಂತು: ಹದಿಮೂರು ನಕ್ಷತ್ರಗಳ ವೃತ್ತ, ನಡುವೆ ಲಂಗರು. ಜತೆಗೆ ಕ್ಲಬ್ಬಿನದೇ ನೀಲಿ ತ್ರಿಕೋನ ಪತಾಕೆ. ಅದರಲ್ಲಿ ಕೆಂಪು ಶಿಲುಬೆ, ಬಿಳಿ ನಕ್ಷತ್ರ. ಇವು ಹಾರುತ್ತಿದ್ದರೆ ನೌಕೆಯಲ್ಲಿರುವವರು ಸಭ್ಯರು, ಅಲ್ಲಿ ನಡೆಯುವುದು ಮೋಜು ಮಾತ್ರ ಎಂದು ನೋಡುವವರು ನಂಬುತ್ತಿದ್ದರು. ಒಳಗೆ ಏನಿದೆ ಎಂದು ಕೇಳುವ ಪ್ರಸಂಗ ಕಡಿಮೆಯಾಯಿತು.

1851ರಲ್ಲಿ ಸ್ಟೀವನ್ಸ್ ಮತ್ತು ಸಂಗಡಿಗರ 'ಅಮೆರಿಕಾ' ನೌಕೆ ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತುವ ಪಂದ್ಯ ಗೆದ್ದ ಮೇಲಂತೂ ಕ್ಲಬ್ಬಿನ ಕೀರ್ತಿ ಜಗತ್ತಿಗೆಲ್ಲ ಹಬ್ಬಿತು. ಅಂದು ಗೆದ್ದ ಬಟ್ಟಲು 1983ರವರೆಗೆ, ಅಂದರೆ 132 ವರ್ಷ, ಬೇರೆಯವರ ಕೈಗೆ ಹೋಗಲಿಲ್ಲ.

'ವಾಂಡರರ್' ಕಥೆ

1857ರಲ್ಲಿ ಕ್ಲಬ್ಬಿನ ಸದಸ್ಯನೊಬ್ಬನಿಗಾಗಿ ಲಾಂಗ್ ಐಲ್ಯಾಂಡಿನ ಸೆಟಾಕೆಟ್‌ನಲ್ಲಿ 'ವಾಂಡರರ್' ಎಂಬ ನೌಕೆ ಸಿದ್ಧವಾಯಿತು. ಅದು ವೈಭವಕ್ಕೂ ವೇಗಕ್ಕೂ ಹೆಸರಾದ ನೌಕೆ. ಮರುವರ್ಷ ವಿಲಿಯಂ ಕಾರಿ ಎಂಬಾತ ಅದನ್ನು ಕೊಂಡ. ಆತನೂ ಕ್ಲಬ್ಬಿನ ಸದಸ್ಯ. ಆದರೆ ಬೆನ್ನ ಹಿಂದೆ ಇದ್ದವನು ಸವಾನಾ ನಗರದ ವ್ಯಾಪಾರಿ ಚಾರ್ಲ್ಸ್ ಲಾಮಾರ್. ಆಫ್ರಿಕದಿಂದ ಗುಲಾಮರನ್ನು ತರುವುದಕ್ಕೆ ಅಮೆರಿಕದಲ್ಲಿ 1808ರಿಂದಲೇ ನಿಷೇಧವಿತ್ತು. 1820ರ ಕಾಯಿದೆ ಅದನ್ನು ಕಡಲ್ಗಳ್ಳತನವೆಂದು ಸಾರಿ ಮರಣದಂಡನೆ ವಿಧಿಸಿತ್ತು. ಆದರೂ ಲಾಮಾರ್‌ಗೆ ಆ ವ್ಯಾಪಾರ ಬೇಕಿತ್ತು.

ನೌಕೆಗೆ 15,000 ಗ್ಯಾಲನ್ ನೀರು ಹಿಡಿಯುವ ತೊಟ್ಟಿಗಳು ಬಂದವು. ನಾಲ್ಕಾರು ಮಂದಿಯ ವಿಹಾರಕ್ಕೆ ಇಷ್ಟು ನೀರೇಕೆ? ಸಂಶಯಗೊಂಡ ಅಧಿಕಾರಿಗಳು ನೌಕೆಯನ್ನು ತಡೆದು ಶೋಧಿಸಿದರು. ಹಿಡಿದಿಡಲು ಸಾಕ್ಷ್ಯ ಸಾಲದೆ ಬಿಟ್ಟುಬಿಟ್ಟರು. ಕಾಂಗೋ ನದಿಯ ಮುಖದ ಬಳಿ ಗುಲಾಮರ ಹಡಗುಗಳಿಗಾಗಿ ಕಾವಲಿದ್ದ ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳಿಗೆ ಕಾರಿ ಔತಣ ನೀಡಿದ. ಕ್ಲಬ್ಬಿನ ಪತಾಕೆ ಹಾರುವ ನೌಕೆಯ ಮೇಲೆ ಅವರಿಗೆ ಅನುಮಾನ ಹುಟ್ಟಲಿಲ್ಲ.

ಬಳಿಕ ಅದೇ ನೌಕೆಯ ಒಡಲಲ್ಲಿ ಸುಮಾರು 487 ಆಫ್ರಿಕನ್ನರನ್ನು ತುಂಬಲಾಯಿತು. 1858ರ ನವೆಂಬರ್ 28ರಂದು ವಾಂಡರರ್ ಜಾರ್ಜಿಯಾ ಕರಾವಳಿಯ ಜೆಕಿಲ್ ದ್ವೀಪ ತಲುಪಿದಾಗ ಜೀವಂತವಾಗಿ ಇಳಿದವರು 409 ಮಂದಿ. ಉಳಿದವರು ದಾರಿಯಲ್ಲೇ ಸತ್ತಿದ್ದರು. ಬದುಕಿದವರನ್ನು ಗುಟ್ಟಾಗಿ ಹಂಚಿ ಮಾರಲಾಯಿತು.

ಸುದ್ದಿ ಹೊರಬಿದ್ದಾಗ ದೇಶದಲ್ಲಿ ಗದ್ದಲವೆದ್ದಿತು. 1859ರ ಫೆಬ್ರುವರಿಯಲ್ಲಿ ಕ್ಲಬ್ಬು ಕಾರಿಯನ್ನು ಹೊರಹಾಕಿ, ವಾಂಡರರ್ ಹೆಸರನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಸವಾನಾದ ನ್ಯಾಯಾಲಯದಲ್ಲಿ ಮಾತ್ರ ಗುಲಾಮ ಸಾಗಣೆಯ ಆರೋಪದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಕಾನೂನು ಮಾಡದ ಕೆಲಸವನ್ನು ಒಂದು ಮೋಜಿನ ಕೂಟ ತನ್ನ ಮಟ್ಟಿಗೆ ಮಾಡಿತೆನ್ನಬಹುದು. ಆದರೆ ಆ ಪತಾಕೆಯ ಮರೆಯಲ್ಲಿ ಬಂದವರ ಪಾಲಿಗೆ ಅದರಿಂದ ಏನೂ ಬದಲಾಗಲಿಲ್ಲ. ಅವರಲ್ಲೊಬ್ಬನಾದ ಸಿಲುಕಾಂಗಿ, ವಾರ್ಡ್ ಲೀ ಎಂಬ ಹೊಸ ಹೆಸರಿನಲ್ಲಿ ಬಾಳಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ತಾಯ್ನಾಡಿಗೆ ಮರಳಲು ನೆರವು ಕೋರಿ ಸಾರ್ವಜನಿಕರಿಗೆ ಮನವಿ ಮಾಡುತ್ತಿದ್ದ.

ಅದೇ ದ್ವೀಪ, ಬೇರೆ ದೋಣಿಗಳು

ಕಥೆ ಅಲ್ಲಿಗೇ ಮುಗಿಯಲಿಲ್ಲ. 1886ರಲ್ಲಿ ಜೆಕಿಲ್ ದ್ವೀಪವನ್ನು ಉತ್ತರದ ಕೋಟ್ಯಧೀಶರ ಕೂಟವೊಂದು ಕೊಂಡಿತು. ಅದರ ಸದಸ್ಯರಲ್ಲೊಬ್ಬ ಬ್ಯಾಂಕರ್ ಜೆ. ಪಿ. ಮಾರ್ಗನ್. ಈತನೇ 1897ರಿಂದ 1899ರವರೆಗೆ ನ್ಯೂಯಾರ್ಕ್ ಯಾಟ್ ಕ್ಲಬ್ಬಿನ ಕಮಡೋರ್ ಆಗಿದ್ದವನು. ನ್ಯೂಯಾರ್ಕ್ ನಗರದ ನಡುವೆ ಕ್ಲಬ್ಬಿನ ಕಟ್ಟಡಕ್ಕೆ ಜಾಗ ಕೊಟ್ಟವನೂ ಈತನೇ. ಬೇಟೆಗೆ, ವಿಶ್ರಾಂತಿಗೆ ಶ್ರೀಮಂತರು ವಿಹಾರ ನೌಕೆಗಳಲ್ಲಿ ಜೆಕಿಲ್‌ಗೆ ಬಂದಿಳಿಯತೊಡಗಿದರು. ಮೂವತ್ತು ವರ್ಷಗಳ ಹಿಂದೆ ಅದೇ ದಡಕ್ಕೆ ಇನ್ನೊಂದು ವಿಹಾರ ನೌಕೆ ಯಾರನ್ನು ತಂದು ಇಳಿಸಿತ್ತು ಎಂಬುದು ಅವರ ಸಂಜೆಯ ಮಾತುಕತೆಯಲ್ಲಿ ಬಂದಿತ್ತೋ ಇಲ್ಲವೋ!

1947ರಲ್ಲಿ ಜಾರ್ಜಿಯಾ ಸರ್ಕಾರ ದ್ವೀಪವನ್ನು ವಶಕ್ಕೆ ಪಡೆಯಿತು. ವಾಂಡರರ್‌ನಲ್ಲಿ ಬಂದವರ ಸ್ಮಾರಕ ಅಲ್ಲಿ ಎದ್ದದ್ದು 2008ರಲ್ಲಿ, ಘಟನೆಯ 150ನೆಯ ವರ್ಷಕ್ಕೆ. ವಾಂಡರರ್ ನೌಕೆಯಾದರೋ 1871ರಲ್ಲಿ ಕ್ಯೂಬಾದ ಬಳಿ ಸಮುದ್ರದ ಪಾಲಾಗಿತ್ತು.

ಪ್ರತಿ ಬೇಸಿಗೆಯಲ್ಲೂ ಹಾಯಿಗಳು ದ್ವೀಪಗಳತ್ತ ಮುಖ ಮಾಡುತ್ತವೆ. ಆ ನೀಲಿ ಪತಾಕೆ ಈಗಲೂ ಅವುಗಳ ಮೇಲಿದೆ. ದೂರದಿಂದ ನೋಡುವವರಿಗೆ ಅದು ಚೆಂದ. ಆದರೆ ಬಾವುಟ ಹೇಳುವುದು ನೌಕೆಯ ಹೊರಗಿನ ಗುರುತನ್ನಷ್ಟೆ. ಒಡಲಿನಲ್ಲಿ ಏನಿದೆ ಎಂದು ಅದು ಹೇಳುವುದಿಲ್ಲ. ಅದನ್ನು ಯಾರಾದರೂ ಇಳಿದು ನೋಡಲೇಬೇಕು.